ಕೆರೆಯ ಮೀನಿಗೆ ಅಳತೆಯ ಮಿತಿ: ಎಲ್ಲಿ ಬೇಕು, ಎಲ್ಲಿ ಬೇಡ?

ರಾಗಿಯ ತೆನೆ ಹಾಲುಗಾಳಿನಲ್ಲಿರುವಾಗ ಯಾವ ರೈತನೂ ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುವುದಿಲ್ಲ. ಇನ್ನು ಇಪ್ಪತ್ತು ಇಪ್ಪತ್ತೈದು ದಿನ ಕಾದರೆ ಕಾಳು ಬಲಿತು ತೂಕ ಬರುತ್ತದೆಂಬುದು ಅವನಿಗೆ ಗೊತ್ತು. ಆದರೆ ಅದೇ ಊರಿನ ಕೆರೆಯಲ್ಲಿ ಸಂಕ್ರಾಂತಿಗೆ ಮುಂಚೆಯೇ ಸಣ್ಣ ಕಣ್ಣಿನ ಬಲೆ ಬೀಳುತ್ತದೆ. ಅಂಗೈ ಅಗಲದ ಕಾಟ್ಲಾ, ರೋಹು ಮರಿಗಳು ಸಂತೆಗೆ ಬರುತ್ತವೆ. ಆಗಸ್ಟ್‌ನಲ್ಲಿ ಹಣ ಕೊಟ್ಟು ತಂದು ಬಿಟ್ಟ ಮರಿ ಬೆಳೆಯುವ ಮೊದಲೇ ಮಾರಾಟವಾಗುತ್ತದೆ. ಇದರಿಂದಾಗುವ ನಷ್ಟವು ಮೀನುಗಾರ ಸಹಕಾರ ಸಂಘಕ್ಕೆ, ಕೆರೆ ಹರಾಜು ಹಿಡಿದವರಿಗೆ ಮತ್ತು ಊರಿಗೆ, ಹೀಗೆ ಎಲ್ಲರಿಗೂ ತಟ್ಟುತ್ತದೆ.

ಈ ನಷ್ಟವನ್ನು ತಡೆಯಲು ‘ಇಷ್ಟು ಉದ್ದಕ್ಕಿಂತ ಕಡಿಮೆ ಇರುವ ಮೀನನ್ನು ಹಿಡಿಯಬಾರದು’ ಎಂಬ ನಿಯಮ ಮಾಡಿದರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಅಳತೆಯ ಮಿತಿ ಎಂದು ಹೆಸರು. ನಿಯಮ ಒಳ್ಳೆಯದೇ. ಆದರೆ ಎಲ್ಲ ಮೀನಿಗೂ, ಎಲ್ಲ ಕೆರೆಗೂ, ವರ್ಷದ ಎಲ್ಲ ಕಾಲಕ್ಕೂ ಒಂದೇ ಅಳತೆಯನ್ನು ಹಾಕಿದರೆ ಲಾಭದ ಬದಲು ನಷ್ಟವಾಗುವುದುಂಟು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕೆರೆಗಳನ್ನು ಗಮನದಲ್ಲಿಟ್ಟು, ಈ ಮಿತಿಯನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು, ಹಾಕಿದರೆ ಅದು ಬಲೆಯಲ್ಲಿ ಹೇಗೆ ಜಾರಿಗೆ ಬರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಉದ್ದ ಮತ್ತು ತೂಕದ ಲೆಕ್ಕ

ಮೀನು ಉದ್ದಕ್ಕೆ ಬೆಳೆಯುವಾಗ ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದೆ. ಆದ್ದರಿಂದ ಉದ್ದ ಎರಡರಷ್ಟಾದರೆ ತೂಕವು ಎರಡರಷ್ಟಲ್ಲ, ಸುಮಾರು ಎಂಟರಷ್ಟಾಗುತ್ತದೆ. 20 ಸೆಂ.ಮೀ. ಉದ್ದದ ಮೀನಿನ ತೂಕವನ್ನು ಒಂದು ಪಾಲು ಎಂದು ಹಿಡಿದರೆ, ಅದೇ ಜಾತಿಯ ಮೀನು

25 ಸೆಂ.ಮೀ. ಆದಾಗ ಸುಮಾರು 2 ಪಾಲು,
30 ಸೆಂ.ಮೀ. ಆದಾಗ ಸುಮಾರು 3.4 ಪಾಲು,
40 ಸೆಂ.ಮೀ. ಆದಾಗ ಸುಮಾರು 8 ಪಾಲು ತೂಗುತ್ತದೆ.

ಒಂದು ಉದಾಹರಣೆ ನೋಡೋಣ. ಕೆರೆಯಲ್ಲಿ ಬದುಕುಳಿದ ಕಾಟ್ಲಾ ಮೀನು 400 ಎಂದು ಇಟ್ಟುಕೊಳ್ಳಿ. ಅವು 25 ಸೆಂ.ಮೀ. ಇರುವಾಗ, ತಲಾ ಕಾಲು ಕಿಲೋ ತೂಗುವಾಗ, ಎಲ್ಲವನ್ನೂ ಹಿಡಿದರೆ ದೊರೆಯುವುದು 100 ಕಿಲೋ. 40 ಸೆಂ.ಮೀ. ಆಗುವವರೆಗೆ ಬಿಟ್ಟರೆ ಒಂದೊಂದೂ ಸುಮಾರು ಒಂದು ಕಿಲೋ ಆಗುತ್ತದೆ. ಈ ಅವಧಿಯಲ್ಲಿ ನೂರು ಮೀನು ಹಕ್ಕಿಗೆ, ರೋಗಕ್ಕೆ, ಕಳ್ಳತನಕ್ಕೆ ಹೋದರೂ ಉಳಿದ 300 ಮೀನಿನಿಂದ 300 ಕಿಲೋ ದೊರೆಯುತ್ತದೆ. ದೊಡ್ಡ ಮೀನಿಗೆ ಕಿಲೋವಿಗೆ ಸಿಗುವ ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಕಾದದ್ದು ನಷ್ಟವಾಗಬೇಕಾದರೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಮೀನು ಸಾಯಬೇಕು. ಅಳತೆಯ ಮಿತಿಯ ಹಿಂದಿರುವ ಮೊದಲ ತತ್ವ ಇದು: ಬೆಳೆಯುತ್ತಿರುವ ಮೀನನ್ನು ಬೆಳೆಯಲು ಬಿಡುವುದು.

ಎರಡನೆಯ ತತ್ವ ಸಂತಾನಕ್ಕೆ ಸಂಬಂಧಿಸಿದ್ದು. ಯಾವ ಮೀನೂ ಕನಿಷ್ಠ ಒಂದು ಸಲ ಮೊಟ್ಟೆಯಿಡುವ ಮುನ್ನ ಸಾಯಬಾರದು. ಇಲ್ಲವಾದರೆ ಆ ಜಾತಿಯೇ ಆ ನೀರಿನಿಂದ ಕಡಿಮೆಯಾಗುತ್ತದೆ. ಕಡಲ ಮೀನುಗಾರಿಕೆಯಲ್ಲಿ ಈ ತತ್ವಕ್ಕೆ ಹೆಚ್ಚಿನ ಮಹತ್ವವಿದೆ. ಕೇರಳ ರಾಜ್ಯವು 2015ರಿಂದ ಕೆಲವು ಜಾತಿಯ ಕಡಲ ಮೀನುಗಳಿಗೆ ಕನಿಷ್ಠ ಉದ್ದವನ್ನು ನಿಗದಿ ಮಾಡಿದೆ.

ಈ ಎರಡು ತತ್ವಗಳನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುವುದು ಅಗತ್ಯ. ನಮ್ಮ ಕೆರೆಗಳಲ್ಲಿ ಕೆಲವು ಮೀನಿಗೆ ಮೊದಲನೆಯದು ಮಾತ್ರ ಅನ್ವಯಿಸುತ್ತದೆ, ಕೆಲವಕ್ಕೆ ಎರಡನೆಯದು, ಇನ್ನು ಕೆಲವಕ್ಕೆ ಎರಡೂ ಇಲ್ಲ.

ಕಾನೂನಿನ ಹಿನ್ನೆಲೆ

ಮೀನನ್ನು ಹಿಡಿಯುವ ಕ್ರಮವನ್ನು ನಿಯಂತ್ರಿಸುವುದು ಹೊಸ ವಿಚಾರವಲ್ಲ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು. ಬಲೆಯ ಅಳತೆ ಮತ್ತು ಬಗೆಯ ಮೇಲೆ ನಿಯಮ ಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತು. ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕಾಗಿ ಕರ್ನಾಟಕದಲ್ಲಿ 1996ರ ಅಧಿನಿಯಮವಿದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಕಾನೂನು ಮಾಡಿದವರು ಮೀನಿನ ಉದ್ದದ ಬದಲು ಬಲೆಯ ಅಳತೆಯ ಮಾತನ್ನು ಆಡಿದ್ದಾರೆಂಬುದನ್ನು ಗಮನಿಸಬೇಕು. ಅದರ ಕಾರಣ ಮುಂದೆ ತಿಳಿಯುತ್ತದೆ.

ಅಮೆರಿಕದ ಜಲಾಶಯಗಳಿಂದ ಒಂದು ಪಾಠ

ಅಳತೆಯ ಮಿತಿಯನ್ನು ಬಹುಕಾಲದಿಂದ ಬಳಸುತ್ತಿರುವ ದೇಶ ಅಮೆರಿಕ. ಅಲ್ಲಿನ ಜಲಾಶಯಗಳಲ್ಲಿ ಬ್ಯಾಸ್ ಎಂಬ ಗುಂಪಿನ ಮೀನುಗಳನ್ನು ಜನರು ಗಾಳ ಹಾಕಿ ಹಿಡಿಯುತ್ತಾರೆ. ಈ ಗುಂಪಿನಲ್ಲಿ ದೊಡ್ಡಬಾಯಿ ಬ್ಯಾಸ್ ಎಂಬ ಮೀನು ಚೆನ್ನಾಗಿ ಬೆಳೆದು ದೊಡ್ಡದಾಗುತ್ತದೆ. ಚುಕ್ಕೆ ಬ್ಯಾಸ್ ಎಂಬ ಅದರ ದಾಯಾದಿ ಅಷ್ಟು ದೊಡ್ಡದಾಗುವುದಿಲ್ಲ; ಹಲವು ಜಲಾಶಯಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ, ಸಂಖ್ಯೆಯಲ್ಲಿ ಮಾತ್ರ ಹೆಚ್ಚುತ್ತದೆ.

ಇವೆರಡಕ್ಕೂ ಒಂದೇ ಮಿತಿ ಹಾಕಿದರೆ ಏನಾಗುತ್ತದೆಂದು ಯೋಚಿಸಿ. ನಿಧಾನವಾಗಿ ಬೆಳೆಯುವ ಚುಕ್ಕೆ ಬ್ಯಾಸ್‌ಗಳಲ್ಲಿ ಬಹಳಷ್ಟು ಆ ಉದ್ದವನ್ನು ಮುಟ್ಟುವುದೇ ಇಲ್ಲ. ಹಿಡಿಯುವವರಿಲ್ಲದೆ ಅವು ತುಂಬಿಕೊಳ್ಳುತ್ತವೆ, ಇರುವ ಮೇವನ್ನು ಹಂಚಿಕೊಂಡು ಎಲ್ಲವೂ ಬಡಕಲಾಗುತ್ತವೆ. ಆದ್ದರಿಂದ ಟೆಕ್ಸಾಸ್ ರಾಜ್ಯದಲ್ಲಿ ದೊಡ್ಡಬಾಯಿ ಬ್ಯಾಸ್‌ಗೆ ಸಾಮಾನ್ಯವಾಗಿ 14 ಅಂಗುಲದ, ಅಂದರೆ ಸುಮಾರು 35 ಸೆಂ.ಮೀ. ಕನಿಷ್ಠ ಮಿತಿ ಇದ್ದರೂ, ಚುಕ್ಕೆ ಬ್ಯಾಸ್‌ಗೆ ಕನಿಷ್ಠ ಉದ್ದದ ಮಿತಿಯೇ ಇಲ್ಲ. ದಿನಕ್ಕೆ ಇಷ್ಟೇ ಮೀನು ಎಂಬ ಎಣಿಕೆಯ ಮಿತಿ ಮಾತ್ರ ಉಂಟು.

ಈ ಉದಾಹರಣೆಯಿಂದ ನಾವು ಕಲಿಯಬೇಕಾದದ್ದು ಇಷ್ಟು. ಅಳತೆಯ ಮಿತಿಯು ಬೇಗ ಬೆಳೆಯುವ, ಸಂಖ್ಯೆ ಕಡಿಮೆ ಇರುವ ಮೀನಿಗೆ ಔಷಧ. ನಿಧಾನವಾಗಿ ಬೆಳೆಯುವ, ಸಂಖ್ಯೆ ಹೆಚ್ಚಾದ ಮೀನಿಗೆ ಅದೇ ರೋಗ. ಹೊಲದ ಭಾಷೆಯಲ್ಲಿ ಹೇಳುವುದಾದರೆ, ಒತ್ತಾಗಿ ಹುಟ್ಟಿದ ಪೈರಿನಲ್ಲಿ ಸಸಿ ಕೀಳುವುದನ್ನು ನಿಷೇಧಿಸಿದಂತೆ. ಎಲ್ಲ ಸಸಿಯೂ ಉಳಿಯುತ್ತದೆ, ಯಾವುದೂ ತೆನೆ ಕಟ್ಟುವುದಿಲ್ಲ.

ನಮ್ಮ ಕೆರೆಯ ಮೀನುಗಳು

ಈ ತತ್ವವನ್ನು ನಮ್ಮ ಮೀನುಗಳಿಗೆ ಒಂದೊಂದಾಗಿ ಅನ್ವಯಿಸಿ ನೋಡೋಣ.

ಕಾಟ್ಲಾ, ರೋಹು, ಮೃಗಾಲ್: ಇವು ಮಳೆಗಾಲದಲ್ಲಿ ಹರಿಯುವ ನದಿಯ ನೆರೆನೀರಿನಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಸಂತಾನ ಬೆಳೆಸುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಗಳಿಂದ ಮೊಟ್ಟೆಯಿಡಿಸಿದ ಮೇಲೆಯೇ ಮರಿಗಳ ಉತ್ಪಾದನೆ ಮನುಷ್ಯನ ಕೈಗೆ ಬಂತು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುವುದು ಇದರ ನೆನಪಿಗಾಗಿ. ನಮ್ಮ ಕೆರೆಗಳಲ್ಲಿರುವ ಈ ಮೂರು ಜಾತಿಯ ಬಹುಪಾಲು ಮೀನು ನಾವೇ ತಂದು ಬಿಟ್ಟದ್ದು. ಆದ್ದರಿಂದ ಇವುಗಳಿಗೆ ಸಂತಾನದ ದೃಷ್ಟಿಯಿಂದ ಅಳತೆಯ ಮಿತಿ ಬೇಕಿಲ್ಲ. ಬೆಳವಣಿಗೆಯ ದೃಷ್ಟಿಯಿಂದ ಬೇಕೇ ಬೇಕು. ಕಾಟ್ಲಾಗೆ 40 ಸೆಂ.ಮೀ., ರೋಹು ಮತ್ತು ಮೃಗಾಲ್‌ಗೆ 35 ಸೆಂ.ಮೀ. ಎಂದು ಪ್ರಾರಂಭಿಸಬಹುದು. ಇದು ಸರ್ಕಾರದ ನಿಯಮವಲ್ಲ, ಒಂದು ಸಲಹೆ. ನಿಮ್ಮ ಕೆರೆಯ ಮೇವು ಮತ್ತು ನೀರನ್ನು ನೋಡಿ ಇದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು.

ಸಾಮಾನ್ಯ ಗೆಂಡೆ: ಇದು ಕೆರೆಯಲ್ಲಿಯೇ ಜೊಂಡು, ಕಳೆಗಳ ಮೇಲೆ ಮೊಟ್ಟೆಯಿಡುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಒಂದು ವರ್ಷ ತುಂಬುವ ಮೊದಲೇ ಪ್ರಾಯಕ್ಕೆ ಬರುತ್ತದೆ. ಸಂತಾನದ ಭಯವಿಲ್ಲ. ಬೆಳವಣಿಗೆಗಾಗಿ 30 ಸೆಂ.ಮೀ. ಮಿತಿ ಸಾಕು. ಇದರ ಬೆನ್ನಿನ ಮುಳ್ಳು ಗರಗಸದಂತಿರುವುದರಿಂದ ಚಿಕ್ಕ ಮೀನೂ ದೊಡ್ಡ ಕಣ್ಣಿನ ಬಲೆಗೆ ತೊಡರಿಕೊಳ್ಳುತ್ತದೆ ಎಂಬುದು ನೆನಪಿರಲಿ.

ಕೊರಮೀನು: ಇದು ನಮ್ಮ ಕೆರೆಗಳ ಸ್ವಂತ ಮೀನು. ಯಾರೂ ಬಿಡದಿದ್ದರೂ ಬೆಳೆಯುತ್ತದೆ, ಒಳ್ಳೆಯ ಬೆಲೆ ತರುತ್ತದೆ. ದಡದ ಜೊಂಡಿನಲ್ಲಿ ಗೂಡು ಮಾಡಿ ಮೊಟ್ಟೆಯಿಟ್ಟು, ಮರಿಗಳ ಹಿಂಡನ್ನು ಕಾಯುತ್ತದೆ. ಇದಕ್ಕೆ ಎರಡೂ ತತ್ವಗಳು ಅನ್ವಯಿಸುತ್ತವೆ. ಸುಮಾರು 25ರಿಂದ 30 ಸೆಂ.ಮೀ. ಆದಾಗ ಪ್ರಾಯಕ್ಕೆ ಬರುವುದರಿಂದ 30 ಸೆಂ.ಮೀ. ಒಳಗಿನದನ್ನು ಬಿಡಬೇಕು. ಆದರೆ ಉದ್ದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿದೆ. ನೀರಿನ ಮೇಲೆ ಕೆಂಪಗೆ ಮರಿಗಳ ಹಿಂಡು ಕಂಡಾಗ ಅದರ ಕೆಳಗಿರುವ ತಾಯಿತಂದೆ ಮೀನನ್ನು ಎಷ್ಟೇ ದೊಡ್ಡದಿದ್ದರೂ ಹಿಡಿಯಬಾರದು. ಕಾವಲು ತಪ್ಪಿದ ಹಿಂಡು ಬೇರೆ ಮೀನುಗಳಿಗೆ ಆಹಾರವಾಗುತ್ತದೆ.

ಜಿಲೇಬಿ ಅಥವಾ ತಿಲಾಪಿಯಾ: 1952ರಲ್ಲಿ ನಮ್ಮ ದೇಶಕ್ಕೆ ಬಂದ ಈ ಆಫ್ರಿಕಾದ ಮೀನು ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ, ಮರಿಗಳನ್ನು ಬಾಯಿಯಲ್ಲಿಟ್ಟು ಕಾಪಾಡುತ್ತದೆ. ಕೆರೆ ತುಂಬಾ ಬೆರಳುದ್ದದ ಜಿಲೇಬಿ ತುಂಬಿಕೊಂಡು ಕಾಟ್ಲಾ, ರೋಹುವಿನ ಮೇವನ್ನು ತಿನ್ನುತ್ತದೆ. ಅಮೆರಿಕದ ಚುಕ್ಕೆ ಬ್ಯಾಸ್‌ನ ಸ್ಥಾನದಲ್ಲಿ ನಮ್ಮಲ್ಲಿ ನಿಂತಿರುವುದು ಇದು. ಇದಕ್ಕೆ ಯಾವ ಮಿತಿಯೂ ಬೇಡ. ಬಲೆಗೆ ಬಿದ್ದದ್ದು ಎಷ್ಟೇ ಚಿಕ್ಕದಿರಲಿ, ಮರಳಿ ನೀರಿಗೆ ಬಿಡಬಾರದು. ಕೊಳದಲ್ಲಿ ಪ್ರತ್ಯೇಕವಾಗಿ ಅನುಮತಿ ಪಡೆದು ಸಾಕುವ ಗಂಡು ಜಿಲೇಬಿಯ ಮಾತು ಬೇರೆ.

ಆಫ್ರಿಕನ್ ಮಾಗೂರ್: ಇದರ ಸಾಕಣೆಯೇ ನಿಷಿದ್ಧ. ಕೆರೆಯಲ್ಲಿ ಸಿಕ್ಕಿದರೆ ಅಳತೆ ನೋಡದೆ ತೆಗೆದುಹಾಕಬೇಕು. ಕೈಗೆ ಬಂದ ಮರಿಯನ್ನೂ ಮತ್ತೊಂದು ಕೆರೆಗೆ ಬಿಡಬಾರದು.

ಸತ್ತ ಮೀನಿಗೆ ಅಳತೆ ಹಿಡಿದು ಫಲವಿಲ್ಲ

ಅಮೆರಿಕದ ಗಾಳಗಾರನಿಗೂ ನಮ್ಮ ಬಲೆಗಾರನಿಗೂ ದೊಡ್ಡ ವ್ಯತ್ಯಾಸವಿದೆ. ಗಾಳಕ್ಕೆ ಸಿಕ್ಕ ಮೀನು ಜೀವಂತವಾಗಿ ಕೈಗೆ ಬರುತ್ತದೆ. ಅಳೆದು, ಚಿಕ್ಕದಾದರೆ ನೀರಿಗೆ ಬಿಡಬಹುದು. ನಮ್ಮ ಕೆರೆಯಲ್ಲಿ ಸಂಜೆ ಹಾಕಿದ ಕಿವಿರುಬಲೆಯನ್ನು ಬೆಳಿಗ್ಗೆ ಎತ್ತಿದಾಗ ಅದರಲ್ಲಿರುವ ಮೀನು ಹೆಚ್ಚು ಕಡಿಮೆ ಸತ್ತೇ ಇರುತ್ತದೆ. ಆಗ ಅಳತೆಗೋಲು ಹಿಡಿದು ‘ಇದು ಚಿಕ್ಕದು’ ಎಂದು ನೀರಿಗೆ ಎಸೆದರೆ ಮೀನೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ಕಿವಿರುಬಲೆ ಬಳಸುವ ಕೆರೆಯಲ್ಲಿ ಮೀನಿನ ಉದ್ದದ ಮಿತಿಯನ್ನು ಬಲೆಯ ಕಣ್ಣಿನ ಮಿತಿಯಾಗಿ ಬದಲಾಯಿಸಿಕೊಳ್ಳಬೇಕು. ಚಿಕ್ಕ ಮೀನು ಬಲೆಗೆ ಬೀಳದೆ ತೂರಿ ಹೋಗುವಂತಿರಬೇಕು.

ಕಣ್ಣಿನ ಅಳತೆಯನ್ನು ತಿಳಿಯಲು ದಾರದ ಲೆಕ್ಕ ಬಹಳ ಸುಲಭ.

1. ನೀವು ಉಳಿಸಬೇಕೆಂದಿರುವ ಉದ್ದದ ಐದಾರು ಮೀನನ್ನು ಆರಿಸಿಕೊಳ್ಳಿ.
2. ಮೀನಿನ ದೇಹ ಅತ್ಯಂತ ದಪ್ಪವಿರುವ ಕಡೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ, ಒಂದು ದಾರವನ್ನು ಸುತ್ತಿ ಸುತ್ತಳತೆ ತೆಗೆಯಿರಿ.
3. ಅದರ ಅರ್ಧವನ್ನು ಲೆಕ್ಕ ಹಾಕಿ. ಬಲೆಯ ಕಣ್ಣನ್ನು ಎದುರುಬದುರಿನ ಎರಡು ಗಂಟು ಹಿಡಿದು ಪೂರ್ತಿ ಎಳೆದಾಗ ಅದರ ಉದ್ದ ಈ ಅರ್ಧಕ್ಕಿಂತ ಕಡಿಮೆ ಇರಬಾರದು.

ಉದಾಹರಣೆಗೆ, ಸುತ್ತಳತೆ 24 ಸೆಂ.ಮೀ. ಬಂದರೆ ಎಳೆದ ಕಣ್ಣು 12 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿರಬೇಕು. ಆಗ ಅಷ್ಟು ದಪ್ಪದ ಮತ್ತು ಅದಕ್ಕಿಂತ ಚಿಕ್ಕ ಮೀನು ತೂರಿ ಹೋಗುತ್ತದೆ; ಅದಕ್ಕಿಂತ ದಪ್ಪ ಮೀನು ಕಿವಿರಿನ ಹಿಂದೆ ಸಿಕ್ಕಿಬೀಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಉದ್ದದ ಕಾಟ್ಲಾ ದಪ್ಪ, ಮೃಗಾಲ್ ಸಪುರ. ಕಾಟ್ಲಾಗೆ ಹೊಂದುವ ಬಲೆಯಲ್ಲಿ ಮೃಗಾಲ್ ತಪ್ಪಿಸಿಕೊಂಡು ಇನ್ನೂ ದೊಡ್ಡದಾಗುತ್ತದೆ. ಮೃಗಾಲ್‌ಗೆ ಹೊಂದುವ ಬಲೆ ಹಾಕಿದರೆ ಎಳೆಯ ಕಾಟ್ಲಾ ಸಾಯುತ್ತದೆ. ಬೆಲೆಯೂ ಬೆಳವಣಿಗೆಯೂ ಹೆಚ್ಚಿರುವ ಕಾಟ್ಲಾದ ಅಳತೆಗೆ ಬಲೆಯನ್ನು ನಿಗದಿ ಮಾಡಿ, ರೋಹು ಮತ್ತು ಮೃಗಾಲ್‌ಗಳನ್ನು ಕೊನೆಯ ಹಿಡಿತದಲ್ಲಿ ಎಳೆಬಲೆಯಿಂದ ತೆಗೆಯುವುದು ಉತ್ತಮ.

ಎಳೆಬಲೆ ಮತ್ತು ಬೀಸುಬಲೆಯಲ್ಲಿ ಮೀನು ಜೀವಂತ ಸಿಗುತ್ತದೆ. ಅಲ್ಲಿ ಉದ್ದದ ಮಿತಿಯನ್ನು ನೇರವಾಗಿ ಬಳಸಬಹುದು. ಆದರೆ ಬಿಸಿಲೇರುವ ಮೊದಲೇ ಬಲೆ ಎಳೆಯಬೇಕು. ಒದ್ದೆ ಕೈಯಿಂದ ಹಿಡಿಯಬೇಕು. ದಡದ ಮಣ್ಣಿನ ಮೇಲೆ ರಾಶಿ ಹಾಕದೆ ನೀರಿನಲ್ಲಿಯೇ ಬಲೆಯ ಅಂಚನ್ನು ಎತ್ತಿಹಿಡಿದು ವಿಂಗಡಿಸಬೇಕು. ಹೊರಳಾಡಿ ಪೊರೆ ಉದುರಿದ ಮೀನು ಆ ದಿನ ಈಜಿ ಹೋದರೂ ಮುಂದೆ ಹುಣ್ಣಾಗಿ ಸಾಯಬಹುದು.

ಅಳೆಯಲು ಒಂದು ಹಲಗೆ ಸಾಕು. ಎರಡಡಿ ಹಲಗೆಯ ಒಂದು ತುದಿಗೆ ಪಟ್ಟಿ ಹೊಡೆದು, ಅಲ್ಲಿಂದ ಸೆಂಟಿಮೀಟರ್ ಗೆರೆಗಳನ್ನು ಎಳೆಯಿರಿ. ಮೂತಿಯನ್ನು ಪಟ್ಟಿಗೆ ತಾಗಿಸಿ, ಬಾಲದ ಎರಡು ಕವಲನ್ನು ಕೂಡಿಸಿ ಅದರ ತುದಿಯವರೆಗೆ ಓದಿ. ಎಲ್ಲರೂ ಒಂದೇ ರೀತಿ ಅಳೆಯುವುದು ಮುಖ್ಯ. ಇಲ್ಲವಾದರೆ ದಡದಲ್ಲಿ ಜಗಳವೇ ಹೆಚ್ಚಾಗುತ್ತದೆ.

ನೀರು ಎಷ್ಟು ದಿನ ನಿಲ್ಲುತ್ತದೆ?

ನಮ್ಮ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 800 ಮಿ.ಮೀ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಹಸ್ತ, ಚಿತ್ತೆ ಮಳೆಗಳು ಬಂದಾಗ ಕೆರೆಗಳಿಗೆ ಹೆಚ್ಚು ನೀರು ಸೇರುತ್ತದೆ. ಅನೇಕ ಸಣ್ಣ ಕೆರೆಗಳು ಶಿವರಾತ್ರಿಯ ಹೊತ್ತಿಗೆ ಅರ್ಧವಾಗಿ, ಯುಗಾದಿಯ ನಂತರ ಹೊಂಡವಾಗಿ ಉಳಿಯುತ್ತವೆ. ಅರ್ಕಾವತಿಗೆ ಅಡ್ಡವಾಗಿ 1894ರಲ್ಲಿ ಬೆಂಗಳೂರಿಗೆ ನೀರು ಕೊಡಲು ಕಟ್ಟಿದ ಹೆಸರಘಟ್ಟದ ಕೆರೆಯೇ ಬಹುಕಾಲ ತುಂಬದೆ ಇದ್ದು, 2022ರ ದೊಡ್ಡ ಮಳೆಗೆ ಮತ್ತೆ ತುಂಬಿತು. ಇಂಥ ಪ್ರದೇಶದಲ್ಲಿ ನೀರಿನ ಲೆಕ್ಕವಿಲ್ಲದೆ ಮೀನಿನ ಉದ್ದದ ಲೆಕ್ಕ ಹಾಕುವುದು ವ್ಯರ್ಥ.

ಏಪ್ರಿಲ್‌ನಲ್ಲಿ ಬತ್ತುವ ಕೆರೆಯಲ್ಲಿ ‘40 ಸೆಂ.ಮೀ. ಆಗಲಿ’ ಎಂದು ಕಾದರೆ ಮೀನು ಕೆಸರಿನಲ್ಲಿ ಸಾಯುತ್ತದೆ, ಕೊಕ್ಕರೆಗೆ ಹಬ್ಬವಾಗುತ್ತದೆ. ಆದ್ದರಿಂದ ಕೆರೆಗಳನ್ನು ಮೂರು ವರ್ಗ ಮಾಡಿಕೊಳ್ಳಬೇಕು.

ಮೊದಲನೆಯದು, ಆರು ತಿಂಗಳೊಳಗೆ ಬತ್ತುವ ಕೆರೆ. ಇಲ್ಲಿ ಉದ್ದದ ಮಿತಿಯ ಬದಲು ಕಾಲದ ಮಿತಿ ಹಾಕಿ. ನೀರು ಒಂದು ಗೊತ್ತಾದ ಮಟ್ಟಕ್ಕೆ ಇಳಿಯುವವರೆಗೆ ಯಾರೂ ಬಲೆ ಹಾಕಬಾರದು. ತೂಬಿನ ಕಲ್ಲಿನ ಮೇಲೆ ಬಣ್ಣದ ಗುರುತು ಮಾಡಿದರೆ ಎಲ್ಲರಿಗೂ ಕಾಣುತ್ತದೆ. ಆ ಗುರುತಿಗೆ ಇಳಿದ ಮೇಲೆ ಚಿಕ್ಕದು ದೊಡ್ಡದು ಎನ್ನದೆ ಎಲ್ಲವನ್ನೂ ಹಿಡಿಯಿರಿ. ಇಂಥ ಕೆರೆಗೆ ಸಣ್ಣ ಮರಿಗಿಂತ ಬಲಿತ, ದೊಡ್ಡ ಮರಿಯನ್ನು ಬಿಡುವುದು ಲಾಭಕರ; ಇರುವ ಅಲ್ಪ ಕಾಲದಲ್ಲಿ ಅದು ಮಾರುವ ತೂಕಕ್ಕೆ ಬರುತ್ತದೆ.

ಎರಡನೆಯದು, ಒಂಬತ್ತು ಹತ್ತು ತಿಂಗಳು ನೀರಿರುವ ಕೆರೆ. ಇಲ್ಲಿ ಮಾರ್ಚ್ ಕೊನೆಯವರೆಗೆ ಬಲೆಯ ಕಣ್ಣಿನ ಮಿತಿ ಇರಲಿ. ಅನಂತರ ನೀರಿನ ಮಟ್ಟ ನೋಡಿ ಸಡಿಲಿಸಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗೆಂಡೆ ಮೀನುಗಳು ಕಡಿಮೆ ತಿನ್ನುತ್ತವೆ, ನಿಧಾನವಾಗಿ ಬೆಳೆಯುತ್ತವೆ. ಚಳಿ ಕಳೆದ ಮೇಲೆ ಬೆಳವಣಿಗೆ ಮತ್ತೆ ಚುರುಕಾಗುತ್ತದೆ. ಸಂಕ್ರಾಂತಿಯಲ್ಲಿ ಮೀನು ಬೆಳೆಯಲಿಲ್ಲವೆಂದು ಬೇಸತ್ತು ಹಿಡಿದು ಹಾಕುವವರು ಈ ಚುರುಕಿನ ಕಾಲದ ಲಾಭವನ್ನು ಕಳೆದುಕೊಳ್ಳುತ್ತಾರೆ.

ಮೂರನೆಯದು, ವರ್ಷವಿಡೀ ನೀರಿರುವ ದೊಡ್ಡ ಕೆರೆ ಮತ್ತು ಜಲಾಶಯ. ಉದ್ದದ ಮಿತಿಯು ಪೂರ್ಣ ಫಲ ಕೊಡುವುದು ಇಲ್ಲಿಯೇ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದುಬಂದ ಮೇಲೆ ದೇವನಹಳ್ಳಿ ಕಡೆಯ ಕೆಲವು ಕೆರೆಗಳು ಈ ವರ್ಗಕ್ಕೆ ಸೇರಿವೆ. ಆದರೆ ಇಂಥ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚಿದ್ದು ಪಾಚಿ ದಟ್ಟವಾಗಿ ಬೆಳೆಯುವುದುಂಟು. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಬೆಳಗಿನ ಜಾವ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಅದು ಅಪಾಯದ ಸೂಚನೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಅನೇಕರು ನೋಡಿದ್ದಾರೆ. ಬಾಯಿ ಬಿಡುವ ಸೂಚನೆ ಕಂಡ ಕೂಡಲೇ ಅಳತೆಯ ಮಿತಿಯನ್ನು ಬದಿಗಿಟ್ಟು ಕೂಡಲೇ ಒಂದಷ್ಟು ಮೀನನ್ನು ತೆಗೆದು ಸಂಖ್ಯೆ ಇಳಿಸಬೇಕು. ಕಾಯ್ದೆ ಪಾಲಿಸಿ ಇಡೀ ಕೆರೆಯ ಮೀನನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಮಿತಿ ಹಾಕಿದರೂ ಮೀನು ಬೆಳೆಯದಿದ್ದರೆ?

ಕೆಲವು ಕಡೆ ಮಿತಿಯನ್ನು ನಿಷ್ಠೆಯಿಂದ ಪಾಲಿಸಿದರೂ ಮೀನು 25 ಸೆಂ.ಮೀ. ದಾಟುವುದಿಲ್ಲ. ಆಗ ದೋಷ ಬಲೆಯಲ್ಲಿಲ್ಲ, ಬಿತ್ತನೆಯಲ್ಲಿದೆ. ಎಕರೆಗೆ ಬೇಕಾದ ಬೀಜಕ್ಕಿಂತ ಮೂರು ಪಟ್ಟು ಬಿತ್ತಿದ ಹೊಲದಂತೆ, ಮರಿ ಹೆಚ್ಚಾಗಿ ಬಿಟ್ಟ ಕೆರೆಯಲ್ಲಿ ಎಲ್ಲವೂ ಬಡಕಲಾಗುತ್ತದೆ.

ಇದನ್ನು ಕಂಡುಹಿಡಿಯಲು ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ಒಂದೇ ಜಾತಿಯ ಹತ್ತು ಮೀನನ್ನು ಅಳೆದು, ತೂಗಿ, ನೋಟ್ ಪುಸ್ತಕದಲ್ಲಿ ಬರೆದಿಡಿ. ಚಳಿಗಾಲ ಬಿಟ್ಟು ಉಳಿದ ಕಾಲದಲ್ಲಿ ಎರಡು ತಿಂಗಳು ಉದ್ದ ಹೆಚ್ಚದಿದ್ದರೆ, ಅಥವಾ ತಲೆ ದೊಡ್ಡದಾಗಿ ಮೈ ಸಣ್ಣಗೆ ಕಂಡರೆ, ಮೇವು ಸಾಲದೆಂದು ತಿಳಿಯಿರಿ. ಮಿತಿಯನ್ನು ಇಳಿಸಿ, ಮೂರನೇ ಒಂದು ಭಾಗದಷ್ಟು ಮೀನನ್ನು ತೆಗೆದು ಮಾರಿ. ಉಳಿದವು ತಿಂಗಳೊಳಗೆ ಚೇತರಿಸಿಕೊಳ್ಳುವುದನ್ನು ಅದೇ ಪುಸ್ತಕದಲ್ಲಿ ನೋಡಬಹುದು. ಮುಂದಿನ ವರ್ಷ ಬಿಡುವ ಮರಿಗಳ ಸಂಖ್ಯೆಯನ್ನು ಕಡಿಮೆ ಮಾಡಿ. ಮೊದಲು ಜಿಲೇಬಿಯನ್ನು ತೆಗೆಯಲು ಮರೆಯಬೇಡಿ.

ಒಬ್ಬನ ನಿಯಮ ಸಾಲದು

ಹೊಲದ ಬೆಳೆಗೆ ಒಬ್ಬ ಒಡೆಯನಿದ್ದಾನೆ, ಕಾದವನಿಗೇ ಫಲ. ಕೆರೆಯಲ್ಲಿ ಹತ್ತು ಬಲೆ ಬೀಳುತ್ತದೆ. ನಾನು ಚಿಕ್ಕ ಮೀನು ಬಿಟ್ಟರೆ ನಾಳೆ ಪಕ್ಕದವನು ಹಿಡಿಯುತ್ತಾನೆ ಎಂಬ ಸಂಶಯ ಇರುವವರೆಗೆ ಯಾವ ಅಳತೆಯೂ ನಿಲ್ಲುವುದಿಲ್ಲ. ಒಂದೇ ವರ್ಷಕ್ಕೆ ಕೆರೆ ಹಿಡಿದವನಿಗೆ ಮುಂದಿನ ವರ್ಷದ ಮೀನಿನಲ್ಲಿ ಆಸಕ್ತಿ ಇರಲಾರದು. ಆದ್ದರಿಂದ ಗ್ರಾಮ ಪಂಚಾಯಿತಿಗಳು ಕೆರೆಯನ್ನು ಕೊಡುವಾಗಲೇ ಬಲೆಯ ಕಣ್ಣಿನ ಷರತ್ತನ್ನು ಬರೆಸುವುದು, ಸಾಧ್ಯವಿರುವ ಕಡೆ ಹೆಚ್ಚು ವರ್ಷದ ಅವಧಿ ಕೊಡುವುದು, ಸಹಕಾರ ಸಂಘಗಳು ಸಭೆಯಲ್ಲಿ ನಿರ್ಣಯ ಮಾಡುವುದು ಅಗತ್ಯ. ನಿರ್ಣಯವು ಚಿಕ್ಕದಾಗಿ, ಎಲ್ಲರಿಗೂ ತಿಳಿಯುವಂತಿರಲಿ. ಒಂದು ಮಾದರಿ ಇಲ್ಲಿದೆ. ಇದರಲ್ಲಿರುವ ಕಣ್ಣಿನ ಅಳತೆಯನ್ನು ನಿಮ್ಮ ದಾರದ ಲೆಕ್ಕದಂತೆ ತುಂಬಿಕೊಳ್ಳಿ.

1. ನಮ್ಮ ಕೆರೆಯಲ್ಲಿ ನಿಗದಿಯಾದ ಅಳತೆಗಿಂತ ಚಿಕ್ಕ ಕಣ್ಣಿನ ಕಿವಿರುಬಲೆಯನ್ನು ಯಾರೂ ಹಾಕತಕ್ಕದ್ದಲ್ಲ.
2. ಎಳೆಬಲೆಯಲ್ಲಿ ಬಂದ 40 ಸೆಂ.ಮೀ. ಒಳಗಿನ ಕಾಟ್ಲಾ, 35 ಸೆಂ.ಮೀ. ಒಳಗಿನ ರೋಹು ಮತ್ತು ಮೃಗಾಲ್, 30 ಸೆಂ.ಮೀ. ಒಳಗಿನ ಗೆಂಡೆ ಮತ್ತು ಕೊರಮೀನನ್ನು ಜೀವಂತವಾಗಿ ನೀರಿಗೆ ಬಿಡತಕ್ಕದ್ದು.
3. ಮರಿ ಕಾಯುವ ಕೊರಮೀನನ್ನು ಹಿಡಿಯತಕ್ಕದ್ದಲ್ಲ.
4. ಜಿಲೇಬಿ ಮತ್ತು ಆಫ್ರಿಕನ್ ಮಾಗೂರ್ ಮೀನನ್ನು ಮರಳಿ ಬಿಡತಕ್ಕದ್ದಲ್ಲ.
5. ನೀರು ತೂಬಿನ ಗುರುತಿಗೆ ಇಳಿದ ದಿನದಿಂದ, ಅಥವಾ ಮೀನು ಬೆಳಗಿನ ಜಾವ ಬಾಯಿ ಬಿಡುವುದು ಕಂಡ ದಿನದಿಂದ, ಸಂಘದ ತೀರ್ಮಾನದಂತೆ 1 ಮತ್ತು 2ನೇ ಷರತ್ತು ಜಾರಿಯಲ್ಲಿರುವುದಿಲ್ಲ.

ಐದನೆಯ ಷರತ್ತನ್ನು ಬಿಡಬೇಡಿ. ಯಾವಾಗ ಸಡಿಲಿಸಬೇಕು ಎಂಬುದನ್ನು ಮೊದಲೇ ಬರೆದಿಟ್ಟ ನಿಯಮವನ್ನು ಜನ ಗೌರವಿಸುತ್ತಾರೆ. ಬತ್ತುವ ಕೆರೆಯಲ್ಲೂ ಹಿಡಿಯಬೇಡ ಎನ್ನುವ ನಿಯಮವನ್ನು ಒಮ್ಮೆ ಮುರಿದವರು ಆಮೇಲೆ ಯಾವುದನ್ನೂ ಪಾಲಿಸುವುದಿಲ್ಲ.

ಸಾರಾಂಶ

ಮಿತಿ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಈ ಮೀನು ಬೇಗ ಬೆಳೆಯುವ ಜಾತಿಯೇ? ಅದು ಆ ಉದ್ದವನ್ನು ಮುಟ್ಟುವವರೆಗೆ ನೀರು ನಿಲ್ಲುತ್ತದೆಯೇ? ಬಿಟ್ಟ ಮೀನು ಬದುಕುತ್ತದೆಯೇ? ಎಲ್ಲಕ್ಕೂ ಸಾಕಾಗುವಷ್ಟು ಮೇವಿದೆಯೇ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ ಮಿತಿಯನ್ನು ಧೈರ್ಯವಾಗಿ ಹಾಕಿ. ಒಂದಕ್ಕೆ ಇಲ್ಲ ಎಂದು ಬಂದರೂ ಮೊದಲು ಅದನ್ನು ಸರಿಪಡಿಸಿ, ಇಲ್ಲವೇ ಆ ಮೀನಿಗೆ, ಆ ಕೆರೆಗೆ ಮಿತಿಯನ್ನು ಬಿಟ್ಟುಬಿಡಿ.

ರೈತ ಬಾಂಧವರು ಮತ್ತು ಮೀನುಗಾರ ಸಂಘಗಳು ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಹೋಗುವಾಗ ತಿಂಗಳ ಅಳತೆ ಬರೆದ ನೋಟ್ ಪುಸ್ತಕವನ್ನು ತಪ್ಪದೆ ತೆಗೆದುಕೊಂಡು ಹೋಗಿ. ಅದರಲ್ಲಿನ ಹತ್ತು ಸಾಲನ್ನು ನೋಡಿದರೆ ನಿಮ್ಮ ಕೆರೆಗೆ ಎಷ್ಟು ಮರಿ, ಎಷ್ಟು ಕಣ್ಣಿನ ಬಲೆ ಎಂಬ ಸಲಹೆಯನ್ನು ಖಚಿತವಾಗಿ ಕೊಡುವುದು ಸುಲಭವಾಗುತ್ತದೆ.